ಬ್ಲೇಡ್ ಸರ್ವರ್ ಚಾಸಿಗಳ ನಿರ್ವಹಣೆ: ಇತಿಹಾಸ

ಹಲವು ಸರ್ವರ್‌ಗಳನ್ನು ತೆಳು ಹಲಗೆಗಳ ರೂಪಕ್ಕೆ ಇಳಿಸಿ, ಒಂದೇ ಲೋಹದ ಪೆಟ್ಟಿಗೆಯೊಳಗೆ ಪಕ್ಕಪಕ್ಕದಲ್ಲಿ ತೂರಿಸಿ ಕೂರಿಸುವ ವ್ಯವಸ್ಥೆಗೆ ಬ್ಲೇಡ್ ಚಾಸಿ ಎನ್ನುತ್ತಾರೆ. ವಿದ್ಯುತ್ ಪೂರೈಕೆ, ಫ್ಯಾನು, ನೆಟ್‌ವರ್ಕ್ ಸ್ವಿಚ್ಚು ಎಲ್ಲವೂ ಪೆಟ್ಟಿಗೆಗೆ ಸೇರಿದವು. ಪ್ರೊಸೆಸರ್ ಮತ್ತು ಮೆಮೊರಿ ಆಯಾ ಬ್ಲೇಡಿನವು. ಹೀಗೆ ಹಂಚಿಕೊಂಡು ಬಾಳುವಾಗ ಯಾವ ಬ್ಲೇಡಿಗೆ ಎಷ್ಟು ವಿದ್ಯುತ್ ಕೊಡಬೇಕು, ಯಾವ ಫ್ಯಾನು ಎಷ್ಟು ವೇಗದಲ್ಲಿ ತಿರುಗಬೇಕು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಆ ಕೆಲಸ ಚಾಸಿಯ ನಿರ್ವಹಣಾ ಮಾಡ್ಯೂಲಿನದು. ಬ್ಲೇಡುಗಳ ಚರಿತ್ರೆ ಹೇಳುವವರು ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ಸರ್ವರ್ ಹಿಡಿಸಿದರು ಎಂಬುದನ್ನೇ ಹೆಚ್ಚು ಹೇಳುತ್ತಾರೆ. ನಿಜವಾದ ಜಾಣ್ಮೆ ಕಾಣುವುದು ಈ ಪುಟ್ಟ ಮಾಡ್ಯೂಲಿನಲ್ಲಿ.

ಇದರ ಬೇರು ಬ್ಲೇಡುಗಳಿಗಿಂತ ಹಳೆಯದು. ಸರ್ವರ್ ಸ್ತಬ್ಧವಾದರೆ ಮಾನಿಟರ್, ಕೀಬೋರ್ಡ್ ಹೇರಿದ ತಳ್ಳುಗಾಡಿಯೊಂದಿಗೆ ರ‍್ಯಾಕಿನ ಬಳಿಗೇ ಹೋಗಬೇಕಿದ್ದ ಕಾಲದಲ್ಲಿ, 1998ರಲ್ಲಿ, ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಕೂಡಿ ಐಪಿಎಂಐ ಎಂಬ ಮಾನದಂಡವನ್ನು ಹೊರತಂದವು. ಅದರ ಪ್ರಕಾರ ಮದರ್‌ಬೋರ್ಡಿನಲ್ಲಿ ಬಿಎಂಸಿ ಎಂಬ ಪ್ರತ್ಯೇಕ ಚಿಕ್ಕ ಪ್ರೊಸೆಸರ್ ಇರುತ್ತದೆ. ಮುಖ್ಯ ಯಂತ್ರ ಆರಿದ್ದರೂ ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಅದು ಎಚ್ಚರವಾಗಿದ್ದು, ಉಷ್ಣಾಂಶ, ವೋಲ್ಟೇಜು, ಫ್ಯಾನಿನ ವೇಗ ಅಳೆದು ದಾಖಲಿಸುತ್ತದೆ; ದೂರದಿಂದ ಆಜ್ಞೆ ಬಂದರೆ ಸರ್ವರನ್ನು ಆರಿಸಿ ಮತ್ತೆ ಹೊತ್ತಿಸುತ್ತದೆ.

ಆಧುನಿಕ ಬ್ಲೇಡು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಕಾಂಪ್ಯಾಕ್ ಬಿಟ್ಟು ಬಂದವರು ಟೆಕ್ಸಾಸ್‌ನಲ್ಲಿ ಕಟ್ಟಿದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಕಂಪನಿಯ ‘ಸಿಸ್ಟಮ್ 324’ ಹೆಸರಲ್ಲೇ ತನ್ನ ಅಳತೆ ಹೇಳುತ್ತಿತ್ತು: 3ಯು (ಯು ಎಂದರೆ ರ‍್ಯಾಕಿನ ಎತ್ತರದ ಏಕಮಾನ) ಎತ್ತರ, 24 ಬ್ಲೇಡು. ಕಡಿಮೆ ಬಿಸಿಯಾಗುವ ಟ್ರಾನ್ಸ್‌ಮೆಟಾ ಕ್ರೂಸೋ ಪ್ರೊಸೆಸರ್, ಲ್ಯಾಪ್‌ಟಾಪಿನ ಡಿಸ್ಕು ಬಳಸಿದ್ದರಿಂದ ಇಂಥ ಒತ್ತಾದ ಜೋಡಣೆ ಸಾಧ್ಯವಾಯಿತು. ಮರುವರ್ಷ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ವೂ-ಚುನ್ ಫೆಂಗ್ ತಂಡ ಈ ಬ್ಲೇಡುಗಳಿಂದಲೇ 240 ನೋಡುಗಳ ‘ಗ್ರೀನ್ ಡೆಸ್ಟಿನಿ’ ಎಂಬ ಸೂಪರ್‌ಕಂಪ್ಯೂಟರ್ ಕಟ್ಟಿ, ವಿಶೇಷ ತಂಪು ವ್ಯವಸ್ಥೆಯಿಲ್ಲದ ಗೋದಾಮಿನಲ್ಲಿ ಓಡಿಸಿತು. ಆರ್‌ಎಲ್‌ಎಕ್ಸ್ ಮಾತ್ರ ಹೆಚ್ಚು ಕಾಲ ನಿಲ್ಲಲಿಲ್ಲ. 2005ರಲ್ಲಿ ಎಚ್‌ಪಿ ಅದನ್ನು ಕೊಂಡಿತು.

2002ರಲ್ಲಿ ಬಂದ ಐಬಿಎಂನ ಬ್ಲೇಡ್‌ಸೆಂಟರ್ 7ಯು ಎತ್ತರದಲ್ಲಿ 14 ಬ್ಲೇಡುಗಳನ್ನು ಹಿಡಿಸಿತು. ಇಡೀ ಚಾಸಿಗೆ ಒಂದೇ ಸಿಡಿ ಡ್ರೈವು. ಕೀಬೋರ್ಡು, ಮಾನಿಟರಿಗೂ ಒಂದೇ ಜೋಡಣೆ. ಪ್ರತಿ ಬ್ಲೇಡಿನ ಮುಖದ ಮೇಲೆ ಎರಡು ಗುಂಡಿ: ಒಂದನ್ನು ಒತ್ತಿದರೆ ಪರದೆ ಆ ಬ್ಲೇಡಿನ ಪಾಲಿಗೆ, ಇನ್ನೊಂದನ್ನು ಒತ್ತಿದರೆ ಸಿಡಿ ಡ್ರೈವು. ಅದೇ ಬದಲಾವಣೆಯನ್ನು ನಿರ್ವಹಣಾ ಮಾಡ್ಯೂಲಿನ ಮೂಲಕ ದೂರದಿಂದಲೂ ಮಾಡಬಹುದಿತ್ತು. ಆ ಅನುಕೂಲ ಬಂದ ಮೇಲೆ ಯಂತ್ರದ ಕೋಣೆಗೆ ಓಡಾಡುವುದು ಬಹಳ ಕಡಿಮೆಯಾಯಿತು.

2006ರ ಎಚ್‌ಪಿ ಸಿ7000 ಈ ವಿನ್ಯಾಸವನ್ನು ಪಕ್ವಗೊಳಿಸಿತು. 10ಯು ಎತ್ತರ, ಅರ್ಧ ಎತ್ತರದ 16 ಬ್ಲೇಡು, 10 ಫ್ಯಾನು, 6 ವಿದ್ಯುತ್ ಘಟಕ. ಬ್ಲೇಡನ್ನು ತಳ್ಳಿ ಕೂರಿಸಿದೊಡನೆ ಅದು ಹೊತ್ತಿಕೊಳ್ಳುವುದಿಲ್ಲ. ಮೊದಲು ಬ್ಲೇಡಿನ ಬಿಎಂಸಿಯಾದ ಐಎಲ್‌ಒ ಚಿಪ್ಪು ಎಚ್ಚರಗೊಂಡು ‘ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್’ ಎಂಬ ಚಾಸಿಯ ನಿರ್ವಹಣಾ ಮಾಡ್ಯೂಲಿಗೆ ತನ್ನ ಪರಿಚಯ ಹೇಳುತ್ತದೆ. ಬ್ಲೇಡಿನ ಕಾರ್ಡುಗಳಿಗೂ ಹಿಂಬದಿಯ ಸ್ವಿಚ್ಚುಗಳಿಗೂ ಹೊಂದಿಕೆ ಇದೆಯೇ, ಬೇಕಾದ ವ್ಯಾಟ್ ಉಳಿದಿದೆಯೇ, ಆ ಭಾಗದ ಫ್ಯಾನು ಸರಿಯಿದೆಯೇ ಎಂದು ಆ ಮಾಡ್ಯೂಲು ನೋಡುತ್ತದೆ. ಒಪ್ಪಿಗೆ ಸಿಕ್ಕರಷ್ಟೇ ವಿದ್ಯುತ್ತು. ಈ ಮಾಡ್ಯೂಲಿಗೂ ಜೋಡಿ ಇಡುವ ಪದ್ಧತಿ ಬೆಳೆಯಿತು: ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳಬೇಕು. ಜೋಡಿ ಇದ್ದರೂ ಚಾಸಿ ಒಂದೇ ಎಂಬುದನ್ನು ಮರೆಯುವಂತಿಲ್ಲ. ಒಂದೇ ಕ್ಲಸ್ಟರಿನ ಎಲ್ಲ ಹೋಸ್ಟುಗಳನ್ನೂ ಒಂದೇ ಚಾಸಿಯಲ್ಲಿ ತುಂಬಿದರೆ, ಪೆಟ್ಟಿಗೆಗೆ ಬಂದ ಕಷ್ಟ ಎಲ್ಲರಿಗೂ ಒಟ್ಟಿಗೇ ಬರುತ್ತದೆ.

ಸಿಸ್ಕೊ 2009ರಲ್ಲಿ ಯುಸಿಎಸ್‌ನೊಂದಿಗೆ ಈ ಕ್ಷೇತ್ರಕ್ಕೆ ಕಾಲಿಟ್ಟಾಗ ಮಾಡಿದ ಬದಲಾವಣೆ ಇಡೀ ಚರಿತ್ರೆಯಲ್ಲೇ ದೊಡ್ಡದು. ನಿರ್ವಹಣೆಯ ಬುದ್ಧಿಯನ್ನು ಚಾಸಿಯಿಂದಲೇ ತೆಗೆದು, ಅನೇಕ ಚಾಸಿಗಳು ಬಂದು ಸೇರುವ ‘ಫ್ಯಾಬ್ರಿಕ್ ಇಂಟರ್‌ಕನೆಕ್ಟ್’ ಎಂಬ ಸ್ವಿಚ್ಚಿನಲ್ಲಿ ಇಟ್ಟಿತು. 6ಯು ಎತ್ತರದ, 8 ಬ್ಲೇಡುಗಳ 5108 ಚಾಸಿ ಬಹುಮಟ್ಟಿಗೆ ಬರಿಯ ಪೆಟ್ಟಿಗೆಯಾಯಿತು. ಸರ್ವರಿನ ಗುರುತಾದ ಮ್ಯಾಕ್ ವಿಳಾಸ, ಯುಯುಐಡಿ, ಸ್ಟೋರೇಜಿನ ಡಬ್ಲ್ಯುಡಬ್ಲ್ಯುಎನ್ ಎಲ್ಲವೂ ‘ಸರ್ವಿಸ್ ಪ್ರೊಫೈಲ್’ ಎಂಬ ದಾಖಲೆಯಲ್ಲಿ ಕುಳಿತವು. ಬ್ಲೇಡು ಕೆಟ್ಟರೆ ಪ್ರೊಫೈಲನ್ನು ಖಾಲಿ ಇರುವ ಇನ್ನೊಂದಕ್ಕೆ ಹಚ್ಚಿದರಾಯಿತು. ಸ್ಯಾನ್ ಎಂಬ ಸ್ಟೋರೇಜ್ ಜಾಲದಿಂದ ಬೂಟ್ ಆಗುವ ಹೋಸ್ಟ್ ಹಳೆಯ ಹೆಸರು, ಹಳೆಯ ವಿಳಾಸದೊಂದಿಗೇ ಎದ್ದು ಬರುತ್ತಿತ್ತು. ಎಚ್‌ಪಿಯ ವರ್ಚುಯಲ್ ಕನೆಕ್ಟ್ ಇದೇ ದಾರಿಯಲ್ಲಿ ಮೊದಲೇ ಹೆಜ್ಜೆ ಇಟ್ಟಿತ್ತು, ಆದರೆ ಸಿಸ್ಕೊ ಅದನ್ನೇ ಇಡೀ ವ್ಯವಸ್ಥೆಯ ತಳಹದಿ ಮಾಡಿತು.

ದೂರದಿಂದ ಎಲ್ಲವನ್ನೂ ಮಾಡಬಲ್ಲ ಬಾಗಿಲು ಕಳ್ಳರಿಗೂ ಬಾಗಿಲೇ. ಭದ್ರತಾ ಸಂಶೋಧಕ ಡ್ಯಾನ್ ಫಾರ್ಮರ್ ಐಪಿಎಂಐನ ದೋಷಗಳನ್ನು ಬಯಲಿಗೆಳೆದರು. ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ತಿಳಿಯುವ ಮೊದಲೇ ಅದರಿಂದ ಲೆಕ್ಕಹಾಕಿದ ಹ್ಯಾಶನ್ನು ಬಿಎಂಸಿ ಕೇಳಿದವರಿಗೆ ಕಳುಹಿಸುವಂತೆ 2.0 ಆವೃತ್ತಿಯೇ ವಿಧಿಸಿತ್ತು. ಅದನ್ನು ಹಿಡಿದವರು ತಮ್ಮ ಯಂತ್ರದಲ್ಲಿ ಕುಳಿತು ನಿಧಾನವಾಗಿ ಪಾಸ್‌ವರ್ಡ್ ಊಹಿಸಬಹುದಿತ್ತು. 2013ರ ಜುಲೈನಲ್ಲಿ ಅಮೆರಿಕದ ಯುಎಸ್-ಸಿಇಆರ್‌ಟಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ನಿರ್ವಹಣಾ ಜಾಲವನ್ನು ಬೇರೆಯಾಗಿಯೇ ಇಡಬೇಕೆಂಬ ಮಾತು ಆಗ ಬಿಗಿಯಾಯಿತು. 2015ರಲ್ಲಿ ಡಿಎಂಟಿಎಫ್ ಸಂಸ್ಥೆ ಪ್ರಕಟಿಸಿದ ರೆಡ್‌ಫಿಶ್ ಮಾನದಂಡ ಎಚ್‌ಟಿಟಿಪಿಎಸ್ ಮತ್ತು ಜೇಸನ್ ಬಳಸುತ್ತದೆ. ಚಾಸಿ, ಸಿಸ್ಟಮ್, ಮ್ಯಾನೇಜರ್ ಈ ಮೂರನ್ನೂ ಅದು ಬೇರೆಬೇರೆ ವಸ್ತುಗಳೆಂದು ಪರಿಗಣಿಸುವುದರಿಂದ, ಕಂಪನಿಗೊಂದು ಪರದೆ ಕಲಿಯುವ ಬದಲು ಒಂದೇ ಸ್ಕ್ರಿಪ್ಟು ಹಲವು ಕಂಪನಿಗಳ ಯಂತ್ರಗಳನ್ನು ವಿಚಾರಿಸಬಹುದು.

ಅಷ್ಟರಲ್ಲಿ ಮಾರುಕಟ್ಟೆಯ ಗಾಳಿ ತಿರುಗಿತ್ತು. ಫೇಸ್‌ಬುಕ್ 2011ರಲ್ಲಿ ಆರಂಭಿಸಿದ ಓಪನ್ ಕಂಪ್ಯೂಟ್ ಯೋಜನೆ ಸರಳ, ಅಗ್ಗದ ಸರ್ವರ್‌ಗಳನ್ನು ಮುಂದೆ ತಂದಿತು. ಬಿಎಂಸಿಯ ತಂತ್ರಾಂಶವೂ ಮುಕ್ತವಾಗಿ, ಓಪನ್‌ಬಿಎಂಸಿ 2018ರಲ್ಲಿ ಲಿನಕ್ಸ್ ಫೌಂಡೇಶನ್‌ನ ಯೋಜನೆಯಾಯಿತು. ಡೆಲ್ ಅದೇ ವರ್ಷ ತಂದ ಎಂಎಕ್ಸ್7000 ಚಾಸಿಯಲ್ಲಿ ಬ್ಲೇಡಿಗೂ ಸ್ವಿಚ್ಚಿಗೂ ಮಧ್ಯೆ ಇರುವ ನಡುಫಲಕವನ್ನೇ ಕೈಬಿಟ್ಟು, ಬ್ಲೇಡನ್ನು ನೇರವಾಗಿ ಸ್ವಿಚ್ಚಿಗೆ ಸೇರಿಸಿತು.

ಆದರೂ ಬ್ಲೇಡಿನ ಪದ್ಧತಿ ಸೂಪರ್‌ಕಂಪ್ಯೂಟರುಗಳಲ್ಲಿ ಗಟ್ಟಿಯಾಗಿ ಉಳಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ನೆಲೆಗೊಂಡ ‘ಸಹಸ್ರಟಿ’ ಕ್ರೇ ಎಕ್ಸ್‌ಸಿ40 ಯಂತ್ರ. ಈ ಮಾದರಿಯಲ್ಲಿ ಬ್ಲೇಡಿಗೆ 4 ನೋಡು, ಚಾಸಿಗೆ 16 ಬ್ಲೇಡು, ಕ್ಯಾಬಿನೆಟ್ಟಿಗೆ 3 ಚಾಸಿ. ಬ್ಲೇಡಿಗೊಂದು ನಿಯಂತ್ರಕ, ಕ್ಯಾಬಿನೆಟ್ಟಿಗೊಂದು ನಿಯಂತ್ರಕ. ಅವೆಲ್ಲ ತಮ್ಮ ವರದಿಯನ್ನು ಒಂದೇ ನಿರ್ವಹಣಾ ವರ್ಕ್‌ಸ್ಟೇಶನ್‌ಗೆ ಒಪ್ಪಿಸುತ್ತವೆ.