ಕಡಲಿಲ್ಲದ ಊರಲ್ಲಿ ಕಡಲಿನ ಸಂಪತ್ತು: ನಮ್ಮ ಕಡೆಯ ಸುಂಕದ ಕತೆ

1/6
ಕೆ.ಆರ್.ಎಸ್. ನೋಡೋಕೆ ಹೋದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಮುಂದೆ ನೀವೂ ಫೋಟೋ ತೆಗೆಸ್ಕೊಂಡಿರ್ತೀರಿ. ಆ ಹೆಸರಿನ ಅರ್ಥ ಗೊತ್ತಾ? ದರಿಯಾ ಅಂದ್ರೆ ಕಡಲು, ದೌಲತ್ ಅಂದ್ರೆ ಸಂಪತ್ತು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆ ಇದು. ಪಕ್ಕದಲ್ಲಿ ಹರಿಯೋದು ಕಾವೇರಿ. ಮಂಗಳೂರಿನ ಕಡಲು ಇಲ್ಲಿಂದ ಸುಮಾರು 250 ಕಿ.ಮೀ. ದೂರ. ಮತ್ತೆ ಈ ಹೆಸರು ಯಾಕೆ? ಉತ್ತರ ರಫ್ತು ಮತ್ತು ಸುಂಕದ ಲೆಕ್ಕದಲ್ಲಿದೆ. ಬೋರಿಂಗ್ ಅಂತ ಸ್ವೈಪ್ ಮಾಡಿಬಿಡಬೇಡಿ, ಇದು ನಮ್ಮ ಗಂಧ, ರೇಷ್ಮೆ, ಬೆಲ್ಲ ಎಲ್ಲಕ್ಕೂ ಸೇರಿದ ಕತೆ.

2/6
"ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ" ಅನ್ನೋ ಗಾದೆ ಅಜ್ಜಿ ಬಾಯಲ್ಲಿ ಕೇಳಿರ್ತೀರಿ. ಸುಂಕ ನಮಗೆ ಅಷ್ಟು ಹಳೇ ಪರಿಚಯ. ಹಳಗನ್ನಡ ಶಾಸನಗಳಲ್ಲಿ "ಹೆಜ್ಜುಂಕ" ಅಂದ್ರೆ ದೊಡ್ಡ ಸುಂಕ ಅನ್ನೋ ಪದ ಸಿಗುತ್ತೆ. 12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಅಂತಲೇ ಒಬ್ಬರಿದ್ರು, ಕಸುಬೇ ಸುಂಕ ವಸೂಲಿ. ಪಾಂಡವಪುರ ತಾಲ್ಲೂಕಲ್ಲಿ ಸುಂಕಾತೊಣ್ಣೂರು ಅನ್ನೋ ಊರಿದೆ, ಬೆಂಗಳೂರಲ್ಲಿ ಸುಂಕದಕಟ್ಟೆ ಇದೆ. ರಸ್ತೇಲಿ ಸರಕು ಹೋದ್ರೆ ಯಾರೋ ಒಬ್ಬರು ತಡೆದು ಲೆಕ್ಕ ಕೇಳ್ತಿದ್ರು. ಆ "ಯಾರೋ ಒಬ್ಬರು" ಯಾರು ಅನ್ನೋದೇ ಮುಂದಿನ ಪ್ರಶ್ನೆ.

3/6
ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಮಂಗಳೂರು ಮೈಸೂರು ರಾಜ್ಯದ ಬಂದರು. ಒಮಾನಿನ ಮಸ್ಕತ್‌ನಲ್ಲಿ ನಮ್ಮ ರಾಜ್ಯದ್ದೇ ಒಂದು ವ್ಯಾಪಾರದ ಕೋಠಿ ಇತ್ತು. ಇಲ್ಲಿಂದ ಹೋಗ್ತಿದ್ದದ್ದು ಗಂಧ, ಮೆಣಸು, ಏಲಕ್ಕಿ, ಅಕ್ಕಿ. ಏನು ತರಬೇಕು ಅಂತ ಅಲ್ಲಿನ ದರೋಗನಿಗೆ ಟಿಪ್ಪು ಬರೆದ ಪತ್ರಗಳು 1811ರಲ್ಲಿ ಇಂಗ್ಲಿಷ್‌ಗೆ ಅನುವಾದವಾಗಿ ಅಚ್ಚಾದವು. ಅವುಗಳಲ್ಲಿ ಗಂಧಕ, ಕೇಸರಿ ಬೀಜ, ರೇಷ್ಮೆಹುಳು ಎಲ್ಲದರ ಮಾತೂ ಬರುತ್ತೆ. ಎರಡೂ ಕಡೆಯ ಬಂದರಲ್ಲಿ ಒಬ್ಬರಿಗೊಬ್ಬರು ಸುಂಕ ಇಳಿಸಿಕೊಳ್ಳೋ ಮಾತುಕತೇನೂ ನಡೀತು.

1793-94ರ ವ್ಯಾಪಾರದ ಕಟ್ಟಳೆಯಲ್ಲಿ ಇನ್ನೊಂದು ತಮಾಷೆ ಇದೆ. ರಾಜ್ಯದ ವ್ಯಾಪಾರಕ್ಕೆ ಜನರೂ ದುಡ್ಡು ಹಾಕಬಹುದು. 500ರವರೆಗೆ ಹಾಕಿದವರಿಗೆ ನೂರಕ್ಕೆ 50 ಲಾಭ, 5000 ದಾಟಿದವರಿಗೆ ಬರೀ 12! ಸಣ್ಣವರಿಗೆ ಹೆಚ್ಚು, ದೊಡ್ಡವರಿಗೆ ಕಡಿಮೆ. ಆದ್ರೆ ಇನ್ನೊಂದು ಮುಖಾನೂ ನೋಡಿ. ಗಂಧ, ಮೆಣಸಿನಂಥ ಸರಕಿನ ಮೇಲೆ ರಾಜ್ಯದ್ದೇ ಹಿಡಿತ. ಇಂಗ್ಲಿಷ್ ಕಂಪನಿಗೆ ಮಾರಬಾರದು ಅಂತ ತಡೆ. ಕಂಪನಿಗೆ ಪೆಟ್ಟು ಬಿತ್ತು ನಿಜ, ಬೆಳೆದವನಿಗೂ ಕೊಳ್ಳೋರನ್ನ ಆರಿಸ್ಕೊಳ್ಳೋ ಸ್ವಾತಂತ್ರ್ಯ ಉಳೀಲಿಲ್ಲ.

4/6
1799ರ ಮೇ 4. ಶ್ರೀರಂಗಪಟ್ಟಣ ಬಿತ್ತು. ಪರೀಕ್ಷೆಗೆ ನಾವು ಓದೋದು ಇಷ್ಟೇ. ಆದ್ರೆ ಆಮೇಲಿನ ಹಂಚಿಕೆ ನೋಡಿ: ಕೆನರಾ ಕರಾವಳಿ ಪೂರ್ತಿ ಕಂಪನಿಗೆ. ಒಡೆಯರ್ ಅರಸರಿಗೆ ವಾಪಸ್ ಸಿಕ್ಕ ಮೈಸೂರಿಗೆ ಒಂದು ಗಜ ಕಡಲತೀರಾನೂ ಇಲ್ಲ. ಮತ್ತೆ ನಮಗೆ ಕಡಲು ಸಿಕ್ಕಿದ್ದು 1956ರ ನವೆಂಬರ್ 1ರಂದು, ರಾಜ್ಯಗಳು ಒಂದಾದಾಗ. ಮಧ್ಯೆ 157 ವರ್ಷ! ಅಷ್ಟು ಕಾಲ ನಮ್ಮ ಸರಕು ಬೇರೆಯವರ ಬಂದರಿಂದಲೇ ಹೊರಡಬೇಕಿತ್ತು. ಬೆವರು ನಮ್ಮದು, ಬಂದರಿನ ಗೇಟಿನ ಕೀಲಿ ಅವರದು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಮೈಸೂರಿಗಾಗಿ ಭಟ್ಕಳದಲ್ಲಿ ಬಂದರು ಮಾಡಬೇಕು ಅಂತ ಯೋಚಿಸಿದ್ದು ಸುಮ್ನೆ ಅಲ್ಲ. ಆ ಬಂದರು ಕೈಗೂಡಲಿಲ್ಲ.

5/6
ಕೀಲಿ ಬೇರೆಯವರ ಕೈಲಿದ್ರೆ ಏನಾಗುತ್ತೆ? 1914ರಲ್ಲಿ ಗೊತ್ತಾಯ್ತು. ಆಗ ನಮ್ಮ ಗಂಧದ ಮರ ಹಾಗೇ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗ್ತಿತ್ತು, ಎಣ್ಣೆ ತೆಗೆಯೋರು ಅಲ್ಲಿನವರು. ಮೊದಲ ಮಹಾಯುದ್ಧ ಶುರುವಾಯ್ತು, ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರ ಟಾಟಾ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳ ನೆರವಿನಿಂದ ಇಲ್ಲೇ ಎಣ್ಣೆ ತೆಗೆಯೋಕೆ ಶುರು ಮಾಡಿತು. 1916ರಲ್ಲಿ ಬೆಂಗಳೂರು, 1917ರಲ್ಲಿ ಮೈಸೂರು ಕಾರ್ಖಾನೆ. ಮೈಸೂರ್ ಸ್ಯಾಂಡಲ್ ಸೋಪು ಬಂದದ್ದೂ ಈ ದಾರೀಲೇ. ಅಂದ್ರೆ ಕೆ.ಆರ್.ಎಸ್.ಗೆ ಹೆಸರು ಕೊಟ್ಟ ಅದೇ ಅರಸರ ಕಾಲದಲ್ಲಿ ಮೈಸೂರು ಒಂದು ಪಾಠ ಕಲೀತು: ಹಸಿ ಮಾಲು ಕಳಿಸಿದ್ರೆ ಲಾಭ ಬೇರೆಯವರಿಗೆ.

6/6
ಈಗಿನ ಮಾತು. ನಿಮ್ಮ ಆಲೆಮನೆ ಬೆಲ್ಲ ದುಬೈಗೆ ಹೋಗಬೇಕು ಅಂದ್ಕೊಳ್ಳಿ. ಮೊದಲು ಆಮದು-ರಫ್ತು ಕೋಡ್ ಮಾಡಿಸಬೇಕು. ಸರಕಿಗೆ ಎಚ್.ಎಸ್. ಕೋಡ್ ಬೇಕು, ಬೆಲ್ಲದ್ದು 1701ರಲ್ಲಿ ಬರುತ್ತೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಇಟ್ಕೊಂಡು ಆನ್‌ಲೈನಲ್ಲಿ ಶಿಪ್ಪಿಂಗ್ ಬಿಲ್ ಹಾಕಬೇಕು. ಇದಕ್ಕೆ ಮಂಗಳೂರಿಗೇ ಹೋಗಬೇಕಿಲ್ಲ, ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಲ್ಲೇ ಕಸ್ಟಮ್ಸ್ ಇದೆ. ಅಧಿಕಾರಿ ಒಪ್ಪಿ "ಲೆಟ್ ಎಕ್ಸ್‌ಪೋರ್ಟ್" ಆದೇಶ ಕೊಟ್ಟಮೇಲೇ ಸರಕು ಹೊರಡೋದು. 2022ರ ಮೇ 1ರಿಂದ ಯು.ಎ.ಇ. ಜತೆ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಒಪ್ಪಂದದ ಪಟ್ಟಿಯಲ್ಲಿರೋ ಸರಕಿಗೆ ಮೂಲದ ಪ್ರಮಾಣಪತ್ರ ತೋರಿಸಿದ್ರೆ ಅಲ್ಲಿನ ಸುಂಕದಲ್ಲಿ ರಿಯಾಯಿತಿ. ಮಸ್ಕತ್ ಜತೆ ಮಾತಾಡಿದ್ದು ಇದನ್ನೇ ಅಲ್ವಾ?

ಬಂದರು ಈಗ ನಮ್ಮದು. ಕಾಗದ ಪತ್ರದ ದಾರಿ ಗೊತ್ತಿದ್ದವರಿಗೆ ಲಾಭ, ಗೊತ್ತಿಲ್ಲದವರು ಮಂಡಿಯವನು ಹೇಳಿದ ರೇಟಿಗೆ ಮಾರ್ತಾರೆ. ಕಾಮರ್ಸ್ ಓದ್ತಿರೋ ಗೆಳೆಯ ಗೆಳತಿಯರೇ, ನಿಮ್ಮ ಊರಿಗೆ ಈ ದಾರಿ ಕಲಿತ ಒಬ್ಬರು ಸಾಕು. ಅದು ನೀವೇ ಯಾಕಾಗಬಾರದು?

ನಿಮ್ಮ ಕಡೆ "ಸುಂಕ" ಸೇರಿರೋ ಊರು, ಕಟ್ಟೆ, ಮನೆತನದ ಹೆಸರಿದ್ರೆ ಹಿರಿಯರನ್ನ ಕೇಳಿ ಕಾಮೆಂಟ್ ಹಾಕಿ. ನಾಗಮಂಗಲ, ಕೆ.ಆರ್. ಪೇಟೆಯವರೇ, ನಿಮ್ಮನ್ನೇ ಕೇಳ್ತಿರೋದು!

#ನಮ್ಮಇತಿಹಾಸ #ಶ್ರೀರಂಗಪಟ್ಟಣ #ಸುಂಕದಕತೆ #ಮಂಡ್ಯ