ಹೊಸ ಎಲೆಯ ತೂಕ

ಇಸ್ಪೀಟಿನ ಕಾರ್ಡಿಗೆ ನಮ್ಮ ಕಡೆ ಎಲೆ ಎನ್ನುತ್ತಾರೆ. ಕಾಫಿ ಗಿಡದ ಎಲೆ, ಊಟದ ಎಲೆ, ಅಡಿಕೆಯ ಜೊತೆಗಿನ ಎಲೆ, ಇವುಗಳ ಸಾಲಿಗೆ ಇದೂ ಒಂದು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಆಲ್ದೂರಿನಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ತೋಟದ ಕೆಲಸ ನಿಂತ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕಂಬಳಿ ಹಾಸಿ ಎಲೆ ಹಾಕುವುದು ಹಿಂದಿನಿಂದ ಬಂದ ರೂಢಿ. ಹಣವಿಟ್ಟು ಆಡುವ ಅಂದರ್ ಬಾಹರಿನಿಂದ ಮನೆ ಮಾರಿದವರೂ ಉಂಟು. ಆ ಆಟದಲ್ಲಿ ತಿಳಿಯಬೇಕಾದದ್ದು ಏನೂ ಇಲ್ಲ, ಎಲೆ ಬಿದ್ದ ಕಡೆ ಬಿತ್ತು. ನಾನು ಹೇಳಹೊರಟಿರುವುದು ತಲೆ ಓಡಿಸಬೇಕಾದ ಆಟಗಳ ವಿಚಾರ. ಕೈಗೆ ಬಂದ ಎಲೆಗೆ ಎಷ್ಟು ಬಲ ಎಂದು ಆಡುವುದಕ್ಕೆ ಮುಂಚೆಯೇ ಅಳೆಯಬೇಕಾದ ಆಟಗಳು ಅವು.

ನಮ್ಮಲ್ಲಿ ಅಂಥ ಆಟಗಳಿಗೆಲ್ಲ ದೊಡ್ಡಣ್ಣ ಎಂದರೆ ಇಪ್ಪತ್ತೆಂಟು. ಕೇರಳದಲ್ಲಿ ಮನೆಮನೆಯ ಆಟವಾಗಿರುವ ಇದು ನಮ್ಮ ಬೆಟ್ಟಗಳಲ್ಲೂ ಬೇರು ಬಿಟ್ಟಿದೆ. ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟು ಉಳಿದ 32 ಎಲೆಗಳಲ್ಲಿ ನಾಲ್ವರು ಎದುರುಬದುರು ಜೊತೆಯಾಗಿ ಆಡುತ್ತಾರೆ. ಇದರಲ್ಲಿ ಎಲ್ಲಕ್ಕಿಂತ ಮೇಲೆ ಗುಲಾಮ. ಅವನ ಹಿಂದೆ ಒಂಬತ್ತು, ಆಮೇಲೆ ಎಕ್ಕ, ಹತ್ತು, ಅದಾದ ಮೇಲೆ ರಾಜ, ರಾಣಿ, ಎಂಟು, ಏಳು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಂದು ಬಣ್ಣಕ್ಕೆ ಏಳರಂತೆ ಇಸ್ಪೀಟು, ಆಟೀನು, ಡೈಮನ್, ಕಳಾವರ್ ನಾಲ್ಕೂ ಸೇರಿ ಇಪ್ಪತ್ತೆಂಟು. ರಾಜನಿಗೆ ಒಂದು ಅಂಕವೂ ಇಲ್ಲ.

ಹೊಸದಾಗಿ ಕಲಿಯುವವನಿಗೆ ಇದೊಂದು ಆಘಾತ. ಕಿರೀಟ ತೊಟ್ಟು ಕತ್ತಿ ಹಿಡಿದ ರಾಜ, ಚಿತ್ರವೇ ಇಲ್ಲದ ಒಂಬತ್ತರ ಮುಂದೆ ಮಣಿಯಬೇಕೆ? ನನಗೆ ಆಟ ಕಲಿಸಿದ ಸೋದರಮಾವ ಇದಕ್ಕೆ ಒಂದೇ ಮಾತು ಹೇಳುತ್ತಿದ್ದರು: "ಚಿತ್ರ ನೋಡಬೇಡ ಮಾರಾಯ, ಆಟ ನೋಡು." ಧಣಿಗಳು ಕುರ್ಚಿಯ ಮೇಲೆ, ರೈಟರು ಬೆಂಚಿನ ಮೇಲೆ, ಆಳುಗಳು ಕಣದ ಅಂಚಿನಲ್ಲಿ ಕೂರುತ್ತಿದ್ದ ಕಾಲ ಅದು. ಎಲ್ಲರೂ ಒಂದೇ ಕಂಬಳಿಯ ಮೇಲೆ ಕೂತು ಆಡಿದ್ದನ್ನು ನಾನು ಕಂಡವನಲ್ಲ. ಆದರೆ ಜಗಲಿಯಲ್ಲಾಗಲಿ ಲೈನುಮನೆಯಲ್ಲಾಗಲಿ ಎಲೆಗಳ ನ್ಯಾಯ ಒಂದೇ ಆಗಿತ್ತು. ಲೈನಿನಲ್ಲಿ ಗುಲಾಮನನ್ನು ನೆಲಕ್ಕೆ ಬಡಿಯುವ ಸದ್ದು ಮಾತ್ರ ಜಗಲಿಗಿಂತ ಸ್ವಲ್ಪ ಜೋರಾಗಿ ಕೇಳುತ್ತಿತ್ತು.

ಇಪ್ಪತ್ತೆಂಟಿನ ಸೊಗಸೆಂದರೆ ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಆ ನಾಲ್ಕನ್ನು ನೋಡಿಯೇ ಹದಿನಾಲ್ಕು, ಹದಿನೈದು, ಹದಿನಾರು ಎಂದು ಕೂಗಬೇಕು. ಹೆಚ್ಚು ಕೂಗಿದವನು ತನ್ನ ತುರುಪನ್ನು ಯಾರಿಗೂ ತೋರಿಸದೆ ಮಗುಚಿಡುತ್ತಾನೆ. ಉಳಿದ ನಾಲ್ಕು ಎಲೆ ಬರುವುದು ಆಮೇಲೆ. ಅಂದರೆ ಅರ್ಧ ಕೈ ನೋಡಿ ಪೂರ್ತಿ ಆಟಕ್ಕೆ ಮಾತು ಕೊಡಬೇಕು. ಇಲ್ಲಿ ಒಂಟಿ ಒಂಬತ್ತಿಗೆ ಏನು ಬೆಲೆ? ಅದೇ ಬಣ್ಣದ ಗುಲಾಮ ನನ್ನ ಕೈಯಲ್ಲೇ ಇದ್ದರೆ ಅದು ಎರಡನೆಯ ದೊರೆ. ಗುಲಾಮ ಎದುರಾಳಿಯ ಕೈಯಲ್ಲಿದ್ದರೆ ಅದೇ ಎಲೆ ಅವನಿಗೆ ನಾನು ಕಟ್ಟುವ ಕಂದಾಯ. ಎಲೆ ಬದಲಾಗಿಲ್ಲ, ಸುತ್ತಲಿನ ಎಲೆಗಳು ಬದಲಾಗಿವೆ.

ಈ ಗುಲಾಮ ಎಲ್ಲಿಂದ ಇಷ್ಟು ಮೇಲೇರಿ ಬಂದ ಎಂಬುದಕ್ಕೆ ಒಂದು ಚರಿತ್ರೆ ಇದೆ. ಆಟಗಳ ಇತಿಹಾಸ ಬಲ್ಲವರು ಇಪ್ಪತ್ತೆಂಟನ್ನು ಯೂರೋಪಿನ ಯಾಸ್ ಎಂಬ ಆಟದ ಸಂತತಿಗೆ ಸೇರಿಸುತ್ತಾರೆ. ಆ ಸಂತತಿಯ ಮೂಲ ನೆದರ್ಲೆಂಡ್ಸ್ ಎಂದು ಹೇಳುತ್ತಾರೆ. ಅಲ್ಲಿ ಗುಲಾಮನೂ ಒಂಬತ್ತೂ ಮೇಲೇರುವುದು ತುರುಪಿನ ಬಣ್ಣದಲ್ಲಿ ಮಾತ್ರ. ನಮ್ಮಲ್ಲಿಗೆ ಬರುವ ಹೊತ್ತಿಗೆ ಎಲ್ಲ ಬಣ್ಣಗಳಲ್ಲೂ ಅವರದೇ ದರ್ಬಾರು. ಅಮೆರಿಕದಲ್ಲಿ ಯೂಕರ್ ಎಂಬ ಆಟದಲ್ಲೂ ತುರುಪಿನ ಗುಲಾಮನೇ ದೊಡ್ಡವನು. 1860ರ ದಶಕದಲ್ಲಿ ಆ ಆಟದವರಿಗೆ ಗುಲಾಮನಿಗಿಂತ ಮೇಲಿನ ಇನ್ನೊಂದು ಎಲೆ ಬೇಕೆನಿಸಿ ಕಟ್ಟಿಗೆ ಹೊಸದೊಂದು ಸೇರಿಸಿದರು. ಅವನೇ ಜೋಕರ್. ಇವತ್ತು ರಮ್ಮಿಯಲ್ಲಿ ಯಾವ ಎಲೆಯ ಬದಲಿಗಾದರೂ ನಿಲ್ಲುವ ಜೋಕರ್, ಇನ್ನು ಕೆಲವು ಆಟಗಳಲ್ಲಿ ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಒಂದೇ ಮುಖ, ಒಂದು ಕಡೆ ಸರ್ವಶಕ್ತ, ಇನ್ನೊಂದು ಕಡೆ ಬರೀ ರಟ್ಟು.

ನಮ್ಮ ದೇಶದ ಹಳೆಯ ಆಟ ಗಂಜೀಫಾ ಇದನ್ನು ಇನ್ನೂ ಮೊದಲೇ ಕಂಡುಕೊಂಡಿತ್ತು. ಬಾಬರ್ 1527ರಲ್ಲಿ ಸಿಂಧಿನ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು, ಒಟ್ಟು 96 ಎಲೆ. ನಮ್ಮವರು ಅದನ್ನು ದಶಾವತಾರಕ್ಕೆ ಹೊಂದಿಸಿ ಹತ್ತು ಬಣ್ಣ ಮಾಡಿ 120 ಎಲೆ ಮಾಡಿಕೊಂಡರು. ಇಲ್ಲಿ ಎಲೆಗಳು ದುಂಡಗೆ. ಪ್ರತಿ ಬಣ್ಣದಲ್ಲೂ ರಾಜ, ಅವನ ಕೆಳಗೆ ಮಂತ್ರಿ, ಆಮೇಲೆ ಹತ್ತು ಅಂಕಿಯ ಎಲೆಗಳು. ಅರ್ಧ ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನರ್ಧದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕಡೆ! ಹಗಲು ಆಡಿದರೆ ರಾಮನ ಎಲೆಯಿದ್ದವನು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆಯಿದ್ದವನು. ದೀಪ ಹಚ್ಚಿದೊಡನೆ ಎಲೆಯ ಅಧಿಕಾರ ಬದಲಾಗುವ ಆಟ ಇದು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟವನ್ನು ಯಾರೂ ಒಯ್ಯದಷ್ಟು ದೂರ ಒಯ್ದರು. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಅವರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ಅರಮನೆಯಲ್ಲಿ ಉಳಿದ ದೊರೆ 1868ರಲ್ಲಿ ತೀರಿಕೊಳ್ಳುವವರೆಗೂ ಕಲೆ, ಗ್ರಂಥ, ಚದುರಂಗ, ಗಂಜೀಫಾಗಳಿಗೆ ಆಶ್ರಯದಾತರಾಗಿದ್ದರು. ಅವರ ಶ್ರೀತತ್ತ್ವನಿಧಿಯ ಕೌತುಕ ನಿಧಿ ಎಂಬ ಭಾಗದಲ್ಲಿ ಛದ ಎಂಬ ಹೆಸರಿನ 13 ಹೊಸ ಆಟಗಳಿವೆ. ಕೆಲವದರಲ್ಲಿ 18 ಬಣ್ಣಗಳು, 360 ಎಲೆಗಳು. ಸಾಮಾನ್ಯವಾಗಿ ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಆಸ್ಥಾನದ ಎಲೆ. ಅದರ ಮೇಲೆ ಯಾವಾಗಲೂ ತುರುಪಾಗಿಯೇ ಇರುವ ಎಲೆಗಳು, ಜೋಕರಿನಂತೆ ಬದಲಿ ನಿಲ್ಲುವ ಎಲೆಗಳು. ಒಂದೊಂದರ ಮೇಲೂ ದೇವತೆಗಳ, ವಾಹನಗಳ ನವುರಾದ ಚಿತ್ರ. ನಮ್ಮ ಕಾಲದಲ್ಲಿ ಕಲಾವಿದ ರಘುಪತಿ ಭಟ್ಟರು ಈ ಚಿತ್ರಕಲೆಗೆ ಮರುಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿದೆ.

ಚಿತ್ರಕ್ಕೆ ಮನ್ನಣೆ ಸಿಕ್ಕಿತು, ಆಟ ಮಾತ್ರ ಅರಮನೆಯ ಬಾಗಿಲು ದಾಟಲಿಲ್ಲ. ನನಗೆ ತೋರುವ ಕಾರಣ ಇದು. ಎಲೆಯ ಬಲ ಗೊತ್ತಾಗಬೇಕಾದರೆ ಅದು ಸಾವಿರ ಸಲ ಸೋಲಬೇಕು, ಸಾವಿರ ಸಲ ಗೆಲ್ಲಬೇಕು. ಹತ್ತು ಊರಿನ ಜಗಲಿಗಳಲ್ಲಿ ಜಗಳವಾಗಬೇಕು. 360 ಎಲೆಯ ಆಟಕ್ಕೆ ಅಷ್ಟು ಜನ ಎಲ್ಲಿ? ದೊರೆ ತನ್ನ ಎಲೆಗಳಿಗೆ ಸ್ಥಾನ ಕೊಟ್ಟರು. ಆ ಸ್ಥಾನ ಸರಿಯೇ ಎಂದು ಪರೀಕ್ಷೆ ಮಾಡುವ ಮಂದಿ ಸಿಗಲಿಲ್ಲ. ಇಪ್ಪತ್ತೆಂಟಿಗೆ ದೊರೆಯೂ ಇರಲಿಲ್ಲ, ಗ್ರಂಥವೂ ಇರಲಿಲ್ಲ. ಆದರೂ ಅದು ಬದುಕಿದೆ.

1990ರ ದಶಕದಲ್ಲಿ ನಮ್ಮ ಊರಿನ ಮಕ್ಕಳ ಕೈಗೆ ಬೇರೆಯೇ ಎಲೆಗಳು ಬಂದವು. ಅವರು ಅದನ್ನು ಟ್ರಂಪ್ ಕಾರ್ಡ್ ಎನ್ನುತ್ತಿದ್ದರು. ಕ್ರಿಕೆಟಿಗರದು ಒಂದು ಕಟ್ಟು, ಕುಸ್ತಿಯ ಜಟ್ಟಿಗಳದು ಇನ್ನೊಂದು. ಜಟ್ಟಿಯ ಚಿತ್ರದ ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಕುಸ್ತಿ, ಗೆದ್ದದ್ದು, ರ್‍ಯಾಂಕು. ಒಬ್ಬ "ತೂಕ" ಎಂದು ಕೂಗಿದರೆ ಹೆಚ್ಚು ತೂಕದವನಿಗೆ ಎಲೆ ಸೇರುತ್ತದೆ. "ರ್‍ಯಾಂಕು" ಎಂದರೆ ಚಿಕ್ಕ ಅಂಕಿಯವನು ಗೆಲ್ಲುತ್ತಾನೆ. ಬಣ್ಣದ ಅರ್ಧದಲ್ಲಿ ಹತ್ತು ದೊಡ್ಡದು, ಅರ್ಧದಲ್ಲಿ ಒಂದು ದೊಡ್ಡದು ಎಂಬ ಗಂಜೀಫಾದ ಲೆಕ್ಕ, ಯಾರೂ ಹೇಳಿಕೊಡದೆ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮತ್ತೆ ಹುಟ್ಟಿತ್ತು. ಮೊದಲ ರ್‍ಯಾಂಕಿನ ಎಲೆಗಾಗಿ ಮಕ್ಕಳು ನಾಲ್ಕೈದು ಎಲೆ ಕೊಟ್ಟು ಬದಲಾಯಿಸಿಕೊಳ್ಳುತ್ತಿದ್ದರು. ಆದರೆ ಕೂಗುವ ಸರದಿ ಎದುರಾಳಿಯದಾಗಿ ಅವನು "ಎತ್ತರ" ಎಂದರೆ ಆ ಮೊದಲ ರ್‍ಯಾಂಕು ಯಾವ ಪ್ರಯೋಜನಕ್ಕೂ ಇಲ್ಲ. ಜಾಣ ಹುಡುಗರು ಎಲ್ಲದರಲ್ಲೂ ಮಧ್ಯಮಕ್ಕಿಂತ ಮೇಲಿರುವ, ಯಾರಿಗೂ ಬೇಡವಾದ ಎಲೆಗಳನ್ನು ಸದ್ದಿಲ್ಲದೆ ಕೂಡಿಹಾಕುತ್ತಿದ್ದರು.

ಅದೇ ಕಾಲಕ್ಕೆ, 1993ರಲ್ಲಿ, ಅಮೆರಿಕದಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ಮ್ಯಾಜಿಕ್ ಎಂಬ ಆಟವನ್ನು ಹೊರತಂದ. ಅದರಲ್ಲಿ ಕಟ್ಟು ಎಲ್ಲರಿಗೂ ಒಂದೇ ಇರುವುದಿಲ್ಲ. ಅವರವರ ಎಲೆಗಳನ್ನು ಕೊಂಡು, ಬದಲಾಯಿಸಿಕೊಂಡು ತಮ್ಮ ಕಟ್ಟನ್ನು ತಾವೇ ಕಟ್ಟಿಕೊಳ್ಳಬೇಕು. ವರ್ಷ ವರ್ಷವೂ ಹೊಸ ಎಲೆಗಳು ಬರುತ್ತವೆ. ಹಾಗಾಗಿ "ಹೊಸ ಎಲೆಗೆ ಬಲ ಎಷ್ಟು?" ಎಂಬ ಪ್ರಶ್ನೆ ಅಲ್ಲಿ ನಿತ್ಯದ ಉದ್ಯೋಗ. ಅದರ ಬೆಲೆ ಹೇಳುವುದಕ್ಕೆ ಪತ್ರಿಕೆಗಳೇ ಹುಟ್ಟಿಕೊಂಡವು.

1995ರಲ್ಲಿ ನೆಕ್ರೋಪೊಟೆನ್ಸ್ ಎಂಬ ಎಲೆ ಬಂತು. ಆಟಗಾರನಿಗೆ ಮೊದಲಿಗೆ 20 ಜೀವ. ಪ್ರತಿ ಸರದಿಗೂ ಒಂದು ಎಲೆ ಪುಕ್ಕಟೆ. ಈ ಎಲೆ ಇಳಿಸಿದರೆ ಪುಕ್ಕಟೆ ಎಲೆ ನಿಂತುಹೋಗುತ್ತದೆ, ಬೇಕಾದ ಒಂದೊಂದು ಎಲೆಗೂ ಒಂದೊಂದು ಜೀವ ತೆರಬೇಕು. ಪ್ರಾಣ ಕೊಟ್ಟು ಎಲೆ ಕೊಳ್ಳುವ ಮೂರ್ಖ ಯಾರು ಎಂದು ಮೊದಮೊದಲು ಬಲ್ಲವರೇ ಅದನ್ನು ಕಡೆಗಣಿಸಿದರು. ನಿಧಾನವಾಗಿ ಕೆಲವರಿಗೆ ಹೊಳೆಯಿತು: ಇಪ್ಪತ್ತು ಜೀವದಲ್ಲಿ ಸೋಲಿಸುವುದು ಕೊನೆಯದೊಂದು ಮಾತ್ರ. ಉಳಿದ ಹತ್ತೊಂಬತ್ತು ಖರ್ಚಿಗೆಂದು ಇಟ್ಟ ಹಣ. 1996ರ ಬೇಸಿಗೆಯ ಪಂದ್ಯಗಳನ್ನೆಲ್ಲ ಈ ಕಪ್ಪು ಎಲೆಯೇ ಆಳಿತು. ಆ ಆಟದವರು ಇಂದಿಗೂ ಅದನ್ನು ಕಪ್ಪು ಬೇಸಿಗೆ ಎನ್ನುತ್ತಾರೆ.

2004ರಲ್ಲಿ ಇನ್ನೊಂದು, ಸ್ಕಲ್‌ಕ್ಲ್ಯಾಂಪ್. ತೊಡಿಸಿದ ಸೈನಿಕನ ಹೊಡೆತ ಒಂದಂಶ ಹೆಚ್ಚು, ತಾಳಿಕೆ ಒಂದಂಶ ಕಡಿಮೆ. ಅವನು ಸತ್ತರೆ ಒಡೆಯನಿಗೆ ಎರಡು ಎಲೆ. ತಾಳಿಕೆ ಕುಗ್ಗಿಸುವ ಆ ಅಂಕಿಯನ್ನು ತಯಾರಕರು ಕೊನೆಯ ಹಂತದಲ್ಲಿ ಬರೆದದ್ದು. ಬಡಕಲು ಸೈನಿಕನಿಗೆ ಅದನ್ನು ತೊಡಿಸಿದರೆ ಅವನು ಕೂಡಲೇ ಸಾಯುತ್ತಾನೆ, ಎರಡು ಎಲೆ ಕೈಗೆ ಬರುತ್ತವೆ. ಕೊರತೆಯೆಂದು ಬರೆದದ್ದೇ ಗಣಿಯಾಯಿತು. ಕೆಲವೇ ತಿಂಗಳಲ್ಲಿ ಅದನ್ನು ಮುಖ್ಯ ಪಂದ್ಯಗಳಿಂದ ನಿಷೇಧಿಸಬೇಕಾಯಿತು. ಎಲೆ ಮಾಡಿದವನಿಗೇ ಎಲೆಯ ಬಲ ತಿಳಿದಿರಲಿಲ್ಲ ಎಂದ ಮೇಲೆ ನೋಡಿದವರ ಪಾಡೇನು?

ಇವೆಲ್ಲ ನನಗೆ ತಿಳಿದದ್ದು ನನ್ನ ಅಕ್ಕನ ಮೊಮ್ಮಗನಿಂದ. ಬೆಂಗಳೂರಿನಲ್ಲಿ ಓದುವ ಹುಡುಗ, ಒಂದು ಮಳೆಗಾಲ ರಜೆಗೆ ಬಂದವನು ಎಲೆಗಳ ಡಬ್ಬಿಯನ್ನೇ ತಂದಿದ್ದ. ಗೆಳೆಯನೊಬ್ಬ ಹೊಸದೊಂದು ಹೊಳೆಯುವ ಎಲೆ ಕೊಡುತ್ತಾನಂತೆ, ಬದಲಿಗೆ ಇವನು ಹನ್ನೊಂದು ಎಲೆ ಕೊಡಬೇಕಂತೆ. ಎರಡು ವರ್ಷ ಜೇಬುಖರ್ಚು ಉಳಿಸಿ ಕೂಡಿಸಿದ ಹನ್ನೊಂದು. "ಅಜ್ಜ, ಆ ಕಾರ್ಡು ನಿಜವಾಗ್ಲೂ ಸ್ಟ್ರಾಂಗಾ?" ಎಂದು ಕೇಳಿದ. ನಾನು ಅವನಿಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಅದನ್ನು ಇಳಿಸಲು ಎಷ್ಟು ತೆರಬೇಕು? ಕೈಗೆ ಬಂದ ಮೇಲೆ ಎಷ್ಟು ಹೊತ್ತು ಕಾಯಬೇಕು? ನಿನ್ನಲ್ಲಿರುವ ಯಾವ ಎಲೆಯ ಜೊತೆ ಅದು ಹೊಂದುತ್ತದೆ? ನೀನು ಸೋಲುತ್ತಿರುವಾಗ ಅದರಿಂದ ಏನು ಉಪಯೋಗ? ನಾಲ್ಕನೆಯದೇ ಮುಖ್ಯ. ಗೆಲ್ಲುತ್ತಿರುವಾಗ ಎಲ್ಲ ಎಲೆಯೂ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಹಾಳೆಯ ಚೂರಿನ ಮೇಲೆ ಆ ಎಲೆಯ ಹೆಸರು ಬರೆದು ಅವನ ಕಟ್ಟಿಗೆ ಸೇರಿಸಿ ಮೂರು ದಿನ ಆಡಿದೆವು. ಚೂರು ಹಾಳೆಗೆ ಹೊಳಪಿಲ್ಲ, ಹಾಗಾಗಿ ಕಣ್ಣು ಕಟ್ಟುವುದಿಲ್ಲ. ಮೂರನೆಯ ದಿನ ಹುಡುಗನೇ ಹೇಳಿದ, ಅದು ಕೈಗೆ ಬಂದಾಗಲೆಲ್ಲ ಇಳಿಸುವಷ್ಟರಲ್ಲಿ ಆಟವೇ ಮುಗಿದಿರುತ್ತದೆ ಎಂದು. ಹನ್ನೊಂದು ಎಲೆಗಳು ಡಬ್ಬಿಯಲ್ಲೇ ಉಳಿದವು. ಆ ಎಲೆ ಇನ್ನೊಬ್ಬನ ಕಟ್ಟಿನಲ್ಲಿ ಸಿಂಹವಾಗಿರಬಹುದು. ನಾವು ತೂಗಿದ್ದು ಇವನ ಕಟ್ಟಿನಲ್ಲಿ.

ಕಾಫಿಯವರಿಗೆ ಈ ಮಾತು ಹೊಸದಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಎಸ್. 795 ಎಂಬ ಅರೇಬಿಕಾ ತಳಿ ಬಂತು, 1980ರ ದಶಕದಲ್ಲಿ ಕಾವೇರಿ ಬಂತು. ಕಾವೇರಿ ಗಿಡ್ಡ, ಒತ್ತಾಗಿ ನೆಡಬಹುದು, ಬೇಗ ಫಸಲು, ಎಲೆತುಕ್ಕು ರೋಗವನ್ನೂ ತಡೆಯುತ್ತದೆ ಎಂದು ಜನ ಮುಗಿಬಿದ್ದರು. ತುಕ್ಕು ಶಿಲೀಂಧ್ರ ತಾನೂ ಹೊಸ ಹೊಸ ರೂಪ ತಾಳಿತು, ಕಾವೇರಿಯ ತಡೆ ಸಡಿಲವಾಯಿತು. ಎದುರಾಳಿಯೂ ತನ್ನ ಕಟ್ಟನ್ನು ಬದಲಾಯಿಸಿಕೊಳ್ಳುತ್ತಾನೆ ಎಂಬುದನ್ನು ತೋಟದಲ್ಲಿ ಅದು ಕಲಿಸಿತು. ಹಳೆಯ ಎಸ್. 795 ಇಂದಿಗೂ ನಮ್ಮ ತೋಟಗಳಲ್ಲಿದೆ.

ಹೊಸ ತಳಿ ಬಂದಾಗ ನಮ್ಮ ಸೀಮೆಯ ಹಿರಿಯರು ತಳ್ಳಿಹಾಕುತ್ತಿರಲಿಲ್ಲ, ಇದ್ದ ತೋಟ ಕಿತ್ತು ಅದನ್ನೇ ತುಂಬುತ್ತಲೂ ಇರಲಿಲ್ಲ. ತೋಟದ ಒಂದು ಮೂಲೆಯಲ್ಲಿ, ನೆರಳು ಹೆಚ್ಚಿರುವ ಕಡೆ ಐದು, ಬಿಸಿಲಿರುವ ಕಡೆ ಐದು ಗಿಡ ನೆಟ್ಟು ನಾಲ್ಕು ಮಳೆಗಾಲ ಕಾಯುತ್ತಿದ್ದರು. ಕೇಳಿದವರಿಗೆ, "ಇರಲಿ, ಒಂದೆರಡು ಕೆಟ್ಟ ವರ್ಷ ನೋಡಲಿ" ಎನ್ನುತ್ತಿದ್ದರು.