ಮ್ಯಾಗ್ನೆಟಿಕ್ ಪೆನ್ನು: ಉಪಯೋಗ ಹಲವು, ಜೇಬಿಗಿಡುವ ಮುನ್ನ ಎಚ್ಚರ

ನೋಡಲು ಸಾಮಾನ್ಯ ಪೆನ್ನು. ಆದರೆ ತುದಿಯಲ್ಲಿ ಅಥವಾ ಒಡಲಲ್ಲಿ ಆಯಸ್ಕಾಂತ. ಮ್ಯಾಗ್ನೆಟಿಕ್ ಪೆನ್ನು ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವ ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಮಕ್ಕಳ ಸ್ಲೇಟು: ಜಪಾನಿನ ಪೈಲಟ್ ಸಂಸ್ಥೆಯಲ್ಲಿ 1974ರಲ್ಲಿ ರೂಪುಗೊಂಡ ಈ ಫಲಕದೊಳಗೆ ಜೇನುಗೂಡಿನಂತಹ ಕೋಶಗಳಿವೆ. ಅವುಗಳಲ್ಲಿ ಬಿಳಿಯ ಮಂದ ದ್ರವವೂ ಕಪ್ಪು ಕಾಂತೀಯ ಕಣಗಳೂ ಇರುತ್ತವೆ. ಪೆನ್ನು ಆ ಕಣಗಳನ್ನು ಮೇಲಕ್ಕೆ ಸೆಳೆದಾಗ ಅಕ್ಷರ ಮೂಡುತ್ತದೆ. ಹಿಂಬದಿಯ ಪಟ್ಟಿಯನ್ನು ಸರಿಸಿದರೆ ಕಣಗಳು ಕೆಳಗಿಳಿದು ಅಕ್ಷರ ಅಳಿಯುತ್ತದೆ. ಶಾಯಿಯೂ ಬೇಡ, ಬಳಪದ ಧೂಳೂ ಇಲ್ಲ.

ಎತ್ತುವ ಪೆನ್ನು: ಹಳೆಯ ರೇಡಿಯೊದ ಏರಿಯಲ್‌ನಂತೆ ಉದ್ದವಾಗುವ ಇದು ದರ್ಜಿಗಳಿಗೆ, ಮೆಕ್ಯಾನಿಕ್‌ಗಳಿಗೆ ಉಪಯುಕ್ತ. ಯಂತ್ರದ ಸಂದಿಗೆ ಬಿದ್ದ ಉಕ್ಕಿನ ಸ್ಕ್ರೂ, ನೆಲಕ್ಕುರುಳಿದ ಸೂಜಿಯನ್ನು ಸುಲಭವಾಗಿ ಎತ್ತಬಹುದು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಇದಕ್ಕೆ ಅಂಟುವುದಿಲ್ಲ. ಹಿತ್ತಾಳೆಯದೆಂದು ಕೊಂಡ ದೀಪಕ್ಕೆ ಪೆನ್ನು ಬಲವಾಗಿ ಅಂಟಿದರೆ ಒಳಗಿರುವುದು ಕಬ್ಬಿಣವೆಂದು ಶಂಕಿಸಬಹುದು. ಆದರೆ ಚಿನ್ನದ ಪರೀಕ್ಷೆಗೆ ಇದನ್ನು ನಂಬುವಂತಿಲ್ಲ. ತಾಮ್ರವೂ ಚಿನ್ನದಂತೆಯೇ ಅಂಟದು.

ಬಿಡಿಸಿ ಜೋಡಿಸುವ ಪೆನ್ನು: ಪುಟ್ಟ ನಿಯೋಡಿಮಿಯಂ ಆಯಸ್ಕಾಂತಗಳಿಂದಲೇ ಇದರ ಒಡಲು ರಚಿತವಾಗಿದೆ. ಮೇಜಿನ ಮೇಲೆ ಬಗೆಬಗೆಯ ಆಕಾರ ಕಟ್ಟಿ ಆಡಲು ಇದನ್ನು ಕೊಳ್ಳುವವರೇ ಹೆಚ್ಚು.

ಅಪಾಯ ಎಲ್ಲಿ?

ಬಿಡಿ ಆಯಸ್ಕಾಂತಗಳನ್ನು ಮಕ್ಕಳು ನುಂಗುವ ಸಂಭವವಿದೆ. ಎರಡು ತುಂಡುಗಳು ಒಳಹೊಕ್ಕರೆ ಕರುಳಿನ ಬೇರೆ ಬೇರೆ ಮಡಿಕೆಗಳಿಂದ ಪರಸ್ಪರ ಸೆಳೆದು, ನಡುವಿನ ಭಿತ್ತಿಯನ್ನು ಅಮುಕಿ ರಂಧ್ರ ಮಾಡಬಲ್ಲವು. ಆರಂಭದ ಹೊಟ್ಟೆನೋವು, ವಾಂತಿ ಅಜೀರ್ಣದಂತೆಯೇ ತೋರುವುದರಿಂದ ಚಿಕಿತ್ಸೆ ತಡವಾಗುತ್ತದೆ. ನುಂಗಿದ ಶಂಕೆ ಮೂಡಿದರೂ ಸಾಕು, ಲಕ್ಷಣಗಳಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇಂತಹ ಬಿಡಿ ಆಯಸ್ಕಾಂತಗಳ ಆಟಿಕೆಗಳ ಮೇಲೆ ಅಮೆರಿಕವು 2022ರಲ್ಲಿ ಕಠಿಣ ಸುರಕ್ಷತಾ ನಿಯಮ ಜಾರಿಗೊಳಿಸಿತು.

ಎರಡನೆಯ ಅಪಾಯ ಅಂಗಿಯ ಜೇಬಿನಲ್ಲಿದೆ. ಪೇಸ್‌ಮೇಕರ್ ಅನ್ನು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ ಅಳವಡಿಸುತ್ತಾರೆ; ಪೆನ್ನಿನ ಜೇಬೂ ಅಲ್ಲಿಯೇ ಸಮೀಪ. ಪ್ರಬಲ ಆಯಸ್ಕಾಂತ ಹತ್ತಿರ ಬಂದರೆ ಆ ಸಾಧನದ ಕಾರ್ಯವಿಧಾನ ತಾತ್ಕಾಲಿಕವಾಗಿ ಬದಲಾಗಬಹುದು. ಆಯಸ್ಕಾಂತವಿರುವ ಫೋನು, ಕೈಗಡಿಯಾರಗಳನ್ನು ಇಂತಹ ಸಾಧನಗಳಿಂದ 6 ಅಂಗುಲ (15 ಸೆಂ.ಮೀ.) ದೂರವಿಡುವಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಸೂಚಿಸಿತ್ತು. ಪೆನ್ನಿಗೂ ಅದೇ ಅಂತರ ಪಾಲಿಸುವುದು ಕ್ಷೇಮ.

ಎಟಿಎಂ ಕಾರ್ಡಿನ ಕಪ್ಪು ಪಟ್ಟಿಯಲ್ಲಿರುವ ಮಾಹಿತಿಯೂ ಅಳಿಸಿಹೋಗಬಹುದು, ಚಿಪ್‌ಗೆ ಧಕ್ಕೆಯಾಗದು. ಕೆಲಸ ಮುಗಿದ ಬಳಿಕ ಪೆನ್ನನ್ನು ಮಕ್ಕಳಿಗೆ ಎಟುಕದ ಪೆಟ್ಟಿಗೆಯಲ್ಲಿಡುವುದೇ ಉತ್ತಮ.